ನಾಲ್ಕನೇ ಜ್ವರ ಎದ್ದ ವಾರದ ಹೋಂವರ್ಕ್

ಶಿಡ್ಲಘಟ್ಟ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು ನಾನು. ನನ್ನ ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಒಂದು ಪಟ್ಟಿ ಸದಾ ಇರುತ್ತದೆ. ಯಾರ ಮನೆಗೆ ಚಾಕಿ ಹುಳು (ರೇಷ್ಮೆಯ ಎಳೆ ಹುಳು) ಬಂದಿದೆ, ಯಾರ ಮನೆಯಲ್ಲಿ ಮೂರನೇ ಜ್ವರ, ಯಾರ ಮನೆಯಲ್ಲಿ ನಾಲ್ಕನೇ ಜ್ವರ ಎದ್ದಿದೆ ಅನ್ನುವ ಪಟ್ಟಿ. ಹತ್ತನೇ ತರಗತಿಗೆ ಇವತ್ತು ಎಷ್ಟು ಲೆಕ್ಕ ಕೊಡಬೇಕು ಅಂತ ತೀರ್ಮಾನಿಸುವ ಮುಂಚೆ ನಾನು ನೋಡುವುದು ಅದನ್ನೇ.

ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನಿರುವುದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಕಳೆದು ಎದ್ದ ಹುಳುವಿಗೆ ಎಲ್ಲಿಲ್ಲದ ಹಸಿವು. ಜೀವಮಾನದಲ್ಲಿ ತಿನ್ನುವ ಹಿಪ್ಪುನೇರಳೆ ಸೊಪ್ಪಿನ ಶೇ. 80ರಷ್ಟನ್ನು ಆ ಕೊನೆಯ ಒಂದು ವಾರದಲ್ಲೇ ತಿಂದು ಮುಗಿಸುತ್ತದೆ. ಬೆಳಗಿನ ಜಾವ ಸೊಪ್ಪು ಕೊಯ್ಯಬೇಕು, ಹೊರಬೇಕು, ಹೊತ್ತು ಹೊತ್ತಿಗೆ ಹಾಕಬೇಕು, ರಾತ್ರಿ ಮಲಗುವ ಮುಂಚೆ ಕೊನೆಯ ಮೇವು ಹಾಕಬೇಕು. ವಾರ ಕಳೆದು ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದರಂತೂ ಮನೆಯಲ್ಲಿ ಇರುವ ಕೈಯೆಲ್ಲ ಬೇಕು. ಹಣ್ಣಾದ ಹುಳುವನ್ನು ಆಯ್ದು ಹೊತ್ತಿಗೆ ಸರಿಯಾಗಿ ಅದು ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಡದಿದ್ದರೆ ಗೂಡು ಕೆಡುತ್ತದೆ, ಬೆಳೆಯ ದುಡ್ಡು ಹೋಗುತ್ತದೆ. ಆ ದಿನ ಮಗು ಶಾಲೆಗೆ ಬರಲಿಲ್ಲ ಅಂತ ನಾನು ಯಾವ ಬಾಯಲ್ಲಿ ಬೈಯಲಿ?

"ಮಿಸ್, ನಮ್ಮನೇಲಿ ನಾಕನೇ ಜ್ವರ ಎದ್ದಿದೆ" ಅಂತ ಒಂದು ಹುಡುಗಿ ಬಂದು ಹೇಳಿದಳೆಂದರೆ ಅವಳ ಆ ವಾರದ ಸಂಜೆಗಳು ಹೇಗಿರುತ್ತವೆ ಅಂತ ನನಗೆ ಗೊತ್ತು. ಹತ್ತನೇ ತರಗತಿಗೆ ಶಾಲೆ ಬಿಟ್ಟ ಮೇಲೂ ವಿಶೇಷ ತರಗತಿ ಇರುತ್ತದೆ. ಅದು ಮುಗಿಸಿ ಬಸ್ಸಿಗೆ ಕಾದು ಊರು ಸೇರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಹುಳುಮನೆಗೆ ಹೋಗಿ ಸೊಪ್ಪು ಹಾಕಬೇಕು. ನಲ್ಲಿಯಲ್ಲಿ ನೀರು ಬಿಟ್ಟಿದ್ದರೆ ಹಿಡಿಯಬೇಕು, ಪಾತ್ರೆ ತೊಳೆಯಬೇಕು, ಅಮ್ಮ ಮುದ್ದೆ ತಿರುವುವಾಗ ತಮ್ಮನನ್ನು ನೋಡಿಕೊಳ್ಳಬೇಕು. ಊಟವಾಗಿ ಚೀಲ ಬಿಚ್ಚುವುದು ಒಂಬತ್ತರ ಮೇಲೆ. ಹತ್ತಕ್ಕೆ ಮತ್ತೆ ಸೊಪ್ಪು. ನಡುವೆ ಅವಳ ಪಾಲಿಗೆ ಉಳಿಯುವುದು ಒಂದು ಗಂಟೆ. ಆ ಒಂದು ಗಂಟೆಯ ಮೇಲೆ ಆರು ವಿಷಯದ ಆರು ಜನ ಶಿಕ್ಷಕರು ಕೈ ಚಾಚಿರುತ್ತೇವೆ.

ಅದೇ ಮನೆಯ ಹುಡುಗನ ಸಂಜೆ ಬೇರೆ. ಅವನೂ ಸೊಪ್ಪು ಹೊರುತ್ತಾನೆ, ಇಲ್ಲ ಅನ್ನುವುದಿಲ್ಲ. ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ತೋಟಕ್ಕೆ ಹೋಗಿ ಮೋಟಾರು ಹಾಕಿ ಬರುವುದೂ ಅವನೇ. ಆದರೆ ಪಾತ್ರೆ, ನೀರು, ತಮ್ಮ ತಂಗಿಯರ ಊಟ ಅವನ ಪಾಲಿಗಿಲ್ಲ. ಹೋಂವರ್ಕ್ ಪುಸ್ತಕ ಹೆಚ್ಚು ಅಚ್ಚುಕಟ್ಟಾಗಿರುವುದು ಹುಡುಗಿಯರದ್ದು. ಅದನ್ನು ಮೆಚ್ಚಿ ಮಾತಾಡುವ ಹೊತ್ತಿಗೆ ನನಗೆ ಮೊದಲು ಕಾಣುವುದು ಅವರ ಕಣ್ಣಿನ ಕೆಂಪು. ಅವರು ಆ ಪುಸ್ತಕ ತುಂಬಿಸಿರುವುದು ನಿದ್ದೆಯನ್ನು ಕಡಿದು. ಮೊದಲ ಅವಧಿಯಲ್ಲಿ ತೂಕಡಿಸುವ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸುವ ಮುಂಚೆ ಇದನ್ನು ಯೋಚಿಸಿ ಅಂತ ಹೊಸದಾಗಿ ಬರುವ ಶಿಕ್ಷಕರಿಗೆಲ್ಲ ನಾನು ಹೇಳುತ್ತೇನೆ.

ಹೀಗಿದ್ದೂ ಬೆಳಿಗ್ಗೆ ಹೊತ್ತಿಗೆ ಆರು ಪುಸ್ತಕವೂ ಮೇಜಿನ ಮೇಲೆ ಬಂದಿರುತ್ತವೆ. ಹೇಗೆ ಬರುತ್ತವೆ ಅನ್ನುವುದನ್ನು ನೋಡುತ್ತಾ ನೋಡುತ್ತಾ ಮಕ್ಕಳ ಬಗ್ಗೆ ನನಗಿರುವ ಗೌರವ ಹೆಚ್ಚಿದೆ.

ಮೊದಲನೆಯದು ಸರದಿ. ಯಾವ ಶಿಕ್ಷಕರು ಬಂದ ಕೂಡಲೇ ಪುಸ್ತಕ ಕೇಳುತ್ತಾರೋ ಅವರದ್ದು ಮೊದಲು, ಮರೆಯುವವರದ್ದು ಕೊನೆಗೆ. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ, ಎಂಟನೇ ತರಗತಿಗೆ ಬಂದ ಎರಡು ವಾರದಲ್ಲಿ ಕಲಿತುಬಿಡುತ್ತಾರೆ. ಕೇಳುವವರೆಲ್ಲರದ್ದೂ ಇದ್ದರೆ ಸುಲಭದ್ದು ಮೊದಲು. ಹಿಂದಿಯ ಶಬ್ದಾರ್ಥ, ಸಮಾಜದ ಪ್ರಶ್ನೋತ್ತರ ನೋಡಿಕೊಂಡು ಬರೆಯುವಂಥದ್ದು, ಕೈ ಓಡುತ್ತದೆ. ಗಣಿತ ಕೊನೆಗೆ ಉಳಿಯುತ್ತದೆ, ಅಂದರೆ ಕಣ್ಣು ಎಳೆಯುವ ಹೊತ್ತಿಗೆ. ಎಲ್ಲಕ್ಕಿಂತ ಎಚ್ಚರವಾದ ತಲೆ ಬೇಕಾದ ವಿಷಯಕ್ಕೆ ಎಲ್ಲಕ್ಕಿಂತ ದಣಿದ ತಲೆ ಸಿಗುತ್ತದೆ.

ಅದಕ್ಕೇ ನನ್ನ ಅವಧಿಯ ಕೊನೆಯ ಹತ್ತು ನಿಮಿಷ ನಾನು ಪಾಠ ಮಾಡುವುದಿಲ್ಲ. ಅವತ್ತಿನ ಹೋಂವರ್ಕಿನ ಪ್ರತಿ ಲೆಕ್ಕಕ್ಕೂ ಮೊದಲ ಸಾಲನ್ನು ಅಲ್ಲೇ ಕೂತು ಬರೆದು ಹೋಗಬೇಕು. ಕೊಟ್ಟಿರುವುದು ಏನು, ಕೇಳಿರುವುದು ಏನು, ಯಾವ ಸೂತ್ರ, ಇಷ್ಟೇ. ರಾತ್ರಿ ಒಂಬತ್ತೂವರೆಗೆ ಪುಸ್ತಕ ತೆಗೆದಾಗ ಖಾಲಿ ಹಾಳೆ ಕಾಣುವುದಕ್ಕೂ ಒಂದು ಸಾಲು ಬರೆದಿಟ್ಟ ಹಾಳೆ ಕಾಣುವುದಕ್ಕೂ ಬಹಳ ವ್ಯತ್ಯಾಸವಿದೆ. ಲೆಕ್ಕ ಬರದೆ ಸೋಲುವವರಿಗಿಂತ ಶುರು ಮಾಡಲಾಗದೆ ಸೋಲುವವರೇ ಜಾಸ್ತಿ.

ಎರಡನೆಯದು ಹಂಚಿಕೆ. ಒಂದೇ ಊರಿನಿಂದ ಬರುವ ಐದು ಹುಡುಗಿಯರ ಒಂದು ಗುಂಪಿತ್ತು. ಒಬ್ಬಳು ಗಣಿತ ಮಾಡುತ್ತಿದ್ದಳು, ಒಬ್ಬಳು ವಿಜ್ಞಾನ, ಒಬ್ಬಳು ಇಂಗ್ಲಿಷ್, ಒಬ್ಬಳು ಸಮಾಜ, ಒಬ್ಬಳು ಹಿಂದಿ. ಕನ್ನಡವನ್ನು ಎಲ್ಲರೂ ಅವರವರೇ ಬರೆಯುತ್ತಿದ್ದರು. ಬೆಳಿಗ್ಗೆ ಬಸ್ಸಿನಲ್ಲಿ ಪುಸ್ತಕ ಅದಲು ಬದಲು. ಕೇಳಿದಾಗ ಮುಚ್ಚಿಡಲಿಲ್ಲ. "ಹಂಚ್ಕೊಂಡಿದ್ದೀವಿ ಮಿಸ್, ಇಲ್ಲಾಂದ್ರೆ ಆಗಲ್ಲ" ಅಂದರು. ಬದುಕು ಗೊತ್ತಿರುವ ಮಕ್ಕಳ ಮಾತು ಅದು. ಹುಳುಮನೆಯ ಕೆಲಸವನ್ನೂ ಮನೆಯವರು ಹಾಗೇ ಹಂಚಿಕೊಳ್ಳುವುದು ತಾನೇ?

ಆದರೆ ಆ ಹಂಚಿಕೆಯಲ್ಲಿ ಒಂದು ಪೆಟ್ಟು ಇತ್ತು. ಗಣಿತ ಚೆನ್ನಾಗಿ ಬರುವವಳಿಗೇ ಗಣಿತ ಕೊಟ್ಟಿದ್ದರು. ಅವಳು ಇನ್ನಷ್ಟು ಚೆನ್ನಾಗಿ ಕಲಿತಳು. ಹಿಂದಿ ಪಾಲಿಗೆ ಬಂದವಳು ಜೂನ್‌ನಿಂದ ದಸರಾ ತನಕ ಒಂದು ಲೆಕ್ಕವನ್ನೂ ತಾನಾಗಿ ಬಿಡಿಸಿರಲಿಲ್ಲ. ನಾನು ಗುಂಪನ್ನು ಒಡೆಯಲಿಲ್ಲ, ಎರಡು ಷರತ್ತು ಹಾಕಿದೆ. ವಾರಕ್ಕೊಮ್ಮೆ ವಿಷಯ ಬದಲಾಗಬೇಕು. ಆ ವಾರ ಗಣಿತ ಮಾಡಿದವಳು ಬಸ್ಸಿನಲ್ಲಿ ಪುಸ್ತಕ ಕೊಟ್ಟು ಸುಮ್ಮನಾಗಬಾರದು, ಉಳಿದ ನಾಲ್ವರಿಗೆ ಬಾಯಲ್ಲಿ ವಿವರಿಸಬೇಕು. ತರಗತಿಗೆ ಬಂದ ಮೇಲೆ ಬೋರ್ಡಿಗೆ ನಾನು ಕರೆಯುವುದು ವಿವರಿಸಿದವಳನ್ನಲ್ಲ, ಕೇಳಿಸಿಕೊಂಡವರಲ್ಲಿ ಒಬ್ಬಳನ್ನು. ಹೀಗೆ ಮಾಡಿದ ಮೇಲೆ ಬಸ್ಸಿನ ಹಿಂದಿನ ಸೀಟಿನಲ್ಲಿ ನಡೆಯುವ ಚರ್ಚೆ ನಮ್ಮ ಎಷ್ಟೋ ತರಗತಿಗಳಲ್ಲೂ ನಡೆಯುವುದಿಲ್ಲ.

ಮೂರನೆಯದು ನಕಲು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು.

ಹತ್ತನೇ ತರಗತಿಯ ಸಮಾಂತರ ಶ್ರೇಢಿಯಲ್ಲಿ ಆಲೂಗಡ್ಡೆ ಓಟದ ಒಂದು ಲೆಕ್ಕ ಇದೆ. ಓಟ ಶುರುವಾಗುವ ಕಡೆ ಒಂದು ಬಕೆಟ್. ಮೊದಲ ಆಲೂಗಡ್ಡೆ 5 ಮೀಟರ್ ದೂರ, ಆಮೇಲೆ ಮೂರು ಮೂರು ಮೀಟರಿಗೆ ಒಂದೊಂದು, ಒಟ್ಟು ಹತ್ತು. ಒಂದೊಂದನ್ನೇ ತಂದು ಬಕೆಟ್ಟಿಗೆ ಹಾಕಬೇಕು, ಒಟ್ಟು ಎಷ್ಟು ದೂರ ಓಡಿದಂತಾಯಿತು ಅನ್ನುವುದು ಪ್ರಶ್ನೆ. ಉತ್ತರ 370 ಮೀಟರ್. ಹೋಗುವ ದೂರ ಮಾತ್ರ ಕೂಡಿ, ವಾಪಸ್ಸು ಬರುವುದನ್ನು ಮರೆತರೆ 185 ಬರುತ್ತದೆ. ಒಂದು ಸಲ ಪುಸ್ತಕಗಳನ್ನು ತಿದ್ದುತ್ತಾ 185 ಬರೆದವರದ್ದನ್ನೆಲ್ಲ ಒಂದು ಕಡೆ ಎತ್ತಿಟ್ಟೆ. ಎಲ್ಲರೂ ಒಂದೇ ಬಸ್ಸಿನ ಮಕ್ಕಳು. ಇನ್ನೊಂದು ಮಾರ್ಗದ ಬಸ್ಸಿನವರೆಲ್ಲರದ್ದೂ 370, ಗೈಡಿನಲ್ಲಿದ್ದ ಹಂತಗಳು ಗೈಡಿನಲ್ಲಿದ್ದ ಹಾಗೇ.

185 ಬರೆದವರ ಬಗ್ಗೆ ನನಗೆ ಭರವಸೆ ಹೆಚ್ಚು. ಅವರಲ್ಲಿ ಒಬ್ಬನಾದರೂ ಕೂತು ಯೋಚಿಸಿದ್ದಾನೆ, ತಪ್ಪಿದ್ದಾನೆ. ಅವತ್ತು ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಹತ್ತು ಕಲ್ಲಿಟ್ಟು ಓಡಿಸಿದೆ. ಎರಡನೇ ಕಲ್ಲಿಗೇ ಒಬ್ಬ "ಮಿಸ್, ವಾಪಸ್ ಬರದೂ ಇದೆ!" ಅಂತ ಕೂಗಿದ. ಗೈಡಿನಿಂದ ಇಳಿಸಿದವರಿಗೆ ಆ ಹೊಳಹು ಸಿಕ್ಕಿದ್ದೂ ಮೈದಾನದಲ್ಲೇ, ಅವರ ಪುಸ್ತಕದಲ್ಲಿ ಉತ್ತರ ಸರಿ ಇದ್ದರೂ.

ನಕಲು ಮಾಡುವ ಮಗು ಸೋಮಾರಿ ಅಂತ ನಾನು ಒಪ್ಪುವುದಿಲ್ಲ. ಕೊಟ್ಟ ಕೆಲಸ ಅದರ ಸಂಜೆಯೊಳಗೆ ಹಿಡಿಯಲಿಲ್ಲ ಅಂತ ಅದು ನಮಗೆ ಹೇಳುತ್ತಿದೆ. ಸಮಾಂತರ ಶ್ರೇಢಿಯ ಕೆಲವು ಅಭ್ಯಾಸಗಳಲ್ಲಿ 20 ಲೆಕ್ಕಗಳಿವೆ. "ಅಭ್ಯಾಸ ಪೂರ್ತಿ ಮಾಡಿಕೊಂಡು ಬನ್ನಿ" ಅನ್ನುವುದು ನಮಗೆ ಒಂದು ವಾಕ್ಯ. ಸೊಪ್ಪಿನ ಕೆಲಸ ಮುಗಿಸಿ ಕೂತ ಮಗುವಿಗೆ ಅದು ಮೂರು ರಾತ್ರಿ. ನಾನು ಕೊಡುವುದು ಮೂರು ಲೆಕ್ಕ. ಒಂದು ಅವತ್ತು ಕಲಿಸಿದ್ದು, ಒಂದು ಹೋದ ವಾರದ್ದು, ಒಂದು ಹಿಂದಿನ ತಿಂಗಳದ್ದು. ಮೂರನೆಯದು ಬರದೆ ಹೋದರೆ ಎಲ್ಲಿ ತನಕ ಬಂತೋ ಅಲ್ಲಿ ಒಂದು ಗೀಟು ಎಳೆದು ಬಿಟ್ಟರಾಯಿತು. ಗೀಟು ಎಳೆದ ಪುಸ್ತಕಕ್ಕೂ ಪೂರ್ತಿ ಮಾಡಿದ ಪುಸ್ತಕಕ್ಕೂ ನನ್ನ ಸಹಿ ಒಂದೇ. ಎಲ್ಲಿ ನಿಂತೆ ಅಂತ ಹೇಳುವ ಹೋಂವರ್ಕ್‌ನಿಂದ ನನ್ನ ಮರುದಿನದ ಪಾಠ ಸುಲಭವಾಗುತ್ತದೆ.

ಹಳೆಯದನ್ನು ಬೆರೆಸಿ ಕೊಡುವುದಕ್ಕೆ ಕಾರಣವಿದೆ. ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಅನ್ನುವುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇನ್ನೊಂದು ವಿಷಯ ತೋರಿಸಿದರು. ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರಿಗೆ ಒಂದು ವಾರದ ನಂತರ ಹೆಚ್ಚು ಉಳಿದಿತ್ತು. ನೋಡಿಕೊಂಡು ಹತ್ತು ಪುಟ ಬರೆಸುವ ನಮ್ಮ ಪದ್ಧತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮಗುವಿನ ನಿದ್ದೆ ಹೋಗುತ್ತದೆ, ಪಾಠವೂ ಉಳಿಯುವುದಿಲ್ಲ. ವಿಜ್ಞಾನದ ಪ್ರಶ್ನೋತ್ತರವನ್ನು ಮೂರು ಸಲ ಬರೆಯುವ ಬದಲು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನಾಲ್ಕು ಸಾಲು ಬರೆದರೆ ಸಾಕು ಅಂತ ನಮ್ಮ ವಿಜ್ಞಾನದ ಮೇಷ್ಟ್ರೂ ಈಗ ಹೇಳುತ್ತಾರೆ.

ಮೊಬೈಲಿನ ಮಾತು ಬಿಟ್ಟರೆ ಇದು ಪೂರ್ತಿಯಾಗುವುದಿಲ್ಲ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಸಂವೇದ ಪಾಠ ಬರುತ್ತಿತ್ತು, ವಿದ್ಯಾಗಮದಲ್ಲಿ ನಾವು ಊರೂರಿಗೆ ಹೋಗಿ ಮಕ್ಕಳನ್ನು ಸೇರಿಸಿ ಕಲಿಸುತ್ತಿದ್ದೆವು. ಹೋಂವರ್ಕನ್ನು ವಾಟ್ಸಾಪ್‌ನಲ್ಲಿ ಹಾಕುವ ಅಭ್ಯಾಸ ಎಷ್ಟೋ ಶಾಲೆಗಳಲ್ಲಿ ಆಗ ಬೇರು ಬಿಟ್ಟಿತು, ಶಾಲೆ ತೆರೆದ ಮೇಲೂ ನಿಲ್ಲಲಿಲ್ಲ. ನಮ್ಮ ಕಡೆ ಮನೆಗೆ ಒಂದೇ ಒಳ್ಳೆಯ ಫೋನು, ಅದು ಅಪ್ಪನ ಜೇಬಿನಲ್ಲೋ ಅಣ್ಣನ ಕೈಯಲ್ಲೋ ಇರುತ್ತದೆ. ಗೂಡಿನ ಮಾರುಕಟ್ಟೆಗೆ ಹೋದ ಅಪ್ಪ ವಾಪಸ್ಸಾಗುವ ತನಕ ಮಗುವಿಗೆ ಹೋಂವರ್ಕ್ ಏನು ಅಂತಲೇ ಗೊತ್ತಾಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಬೋರ್ಡಿನ ಮೇಲೆ ಬರೆದದ್ದು ಮಾತ್ರ ಹೋಂವರ್ಕ್. ವಾಟ್ಸಾಪ್‌ನಲ್ಲಿ ಬಂದದ್ದನ್ನು ಮಾಡದಿದ್ದರೆ ಯಾರೂ ಕೇಳುವಂತಿಲ್ಲ.

ಈಗ ಲೆಕ್ಕದ ಫೋಟೋ ತೆಗೆದರೆ ಹಂತ ಹಂತವಾಗಿ ಬಿಡಿಸಿಕೊಡುವ ಆ್ಯಪ್‌ಗಳಿವೆ. ಚಾಟ್‌ಜಿಪಿಟಿಯನ್ನು ಕನ್ನಡದಲ್ಲೇ ಕೇಳುವ ಮಕ್ಕಳಿದ್ದಾರೆ. ಇದನ್ನು ನಾನು ನಿಷೇಧಿಸಿಲ್ಲ, ನಿಷೇಧಿಸಿದರೆ ನಿಲ್ಲುವುದೂ ಇಲ್ಲ. ಒಬ್ಬ ಹುಡುಗ ತಾನು ಬಿಡಿಸಿದ ವರ್ಗ ಸಮೀಕರಣದ ಫೋಟೋ ತೆಗೆದು "ನಾನು ಎಲ್ಲಿ ತಪ್ಪಿದ್ದೇನೆ, ಉತ್ತರ ಹೇಳಬೇಡ" ಅಂತ ಕೇಳಿದ್ದನ್ನು ನನಗೆ ತೋರಿಸಿದ. ಋಣ ಚಿಹ್ನೆ ಬಿಟ್ಟುಹೋದ ಸಾಲನ್ನು ಅದು ತೋರಿಸಿತ್ತು. ಮನೆಯಲ್ಲಿ ಹತ್ತನೇ ತರಗತಿ ಓದಿದವರು ಯಾರೂ ಇಲ್ಲದ ಹುಡುಗ ಅವನು. ರಾತ್ರಿ ಹತ್ತು ಗಂಟೆಗೆ ಅವನ ತಪ್ಪನ್ನು ತೋರಿಸುವ ಒಬ್ಬರು ಸಿಕ್ಕರು ಅಂತ ನನಗೆ ಸಂತೋಷವೇ ಆಯಿತು. ಆ ಪ್ರಶ್ನೆ ಕೇಳುವ ಬಗೆಯನ್ನು ಅವನಿಂದಲೇ ತರಗತಿಗೆ ಹೇಳಿಸಿದೆ. ಬರೀ ಉತ್ತರ ಇಳಿಸಿಕೊಂಡು ಬಂದವರಿಗೆ ಮರುದಿನ ಅದೇ ಲೆಕ್ಕವನ್ನು ಅಂಕಿ ಬದಲಿಸಿ ಒಂದು ಚೀಟಿಯಲ್ಲಿ ಕೊಡುತ್ತೇನೆ, ಐದು ನಿಮಿಷ. ಅಂಕ ಇಲ್ಲ, ಬೈಗುಳ ಇಲ್ಲ. ಬಂತೋ ಇಲ್ಲವೋ ಅವರಿಗೇ ಗೊತ್ತಾಗುತ್ತದೆ.

ಇನ್ನು ಪ್ರಾಜೆಕ್ಟುಗಳು. ಪ್ರತಿ ವಿಷಯದಲ್ಲೂ ಆಂತರಿಕ ಅಂಕ ಇರುವುದರಿಂದ ಚಟುವಟಿಕೆ ಮಾಡಿಸಲೇಬೇಕು, ಸರಿ. ಆದರೆ ಚಾರ್ಟು, ಬಣ್ಣದ ಪ್ರಿಂಟು, ಥರ್ಮಾಕೋಲು ಅಂತ ಅಂಗಡಿಗೆ ದುಡ್ಡು ಸುರಿಸುವ ಪ್ರಾಜೆಕ್ಟಿನಲ್ಲಿ ಕಲಿಯುವುದು ಏನೂ ಇಲ್ಲ, ಜೆರಾಕ್ಸ್ ಅಂಗಡಿಯಲ್ಲಿ ಅವು ಸಿದ್ಧವಾಗಿಯೇ ಸಿಗುತ್ತವೆ. ಅದನ್ನು ನಾವು ಕೈಬಿಟ್ಟಿದ್ದೇವೆ.

ನಿಜವಾದ ಬದಲಾವಣೆ ಆದದ್ದು ಸ್ಟಾಫ್ ರೂಮಿನಲ್ಲಿ. ಪ್ರತಿಯೊಬ್ಬ ಶಿಕ್ಷಕರೂ ತಾವು ಕೊಡುವುದು "ಅರ್ಧ ಗಂಟೆಯ ಕೆಲಸ" ಅನ್ನುತ್ತಾರೆ, ಪ್ರಾಮಾಣಿಕವಾಗಿಯೇ ಅನ್ನುತ್ತಾರೆ. ಆರು ಅರ್ಧ ಗಂಟೆ ಅಂದರೆ ಮೂರು ಗಂಟೆ. ಆ ಮೊತ್ತವನ್ನು ಯಾರೂ ಕೂಡುವುದಿಲ್ಲ, ಕೂಡುವುದು ಮಗು ಒಂದೇ. ಕೇಂದ್ರದ 2020ರ ಶಾಲಾ ಚೀಲ ನೀತಿ ಪ್ರೌಢಶಾಲೆಯ ಮಕ್ಕಳಿಗೆ ದಿನಕ್ಕೆ ಹೆಚ್ಚೆಂದರೆ ಎರಡು ಗಂಟೆ ಹೋಂವರ್ಕ್ ಅನ್ನುತ್ತದೆ. ಹೋಂವರ್ಕ್ ಬಗೆಗಿನ ಹಲವಾರು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಹ್ಯಾರಿಸ್ ಕೂಪರ್ ಎಂಬ ಅಮೆರಿಕದ ಸಂಶೋಧಕ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ: ಪ್ರೌಢಶಾಲೆಯಲ್ಲಿ ಹೋಂವರ್ಕಿನಿಂದ ಪ್ರಯೋಜನ ಇದೆ, ಎರಡು ಗಂಟೆ ದಾಟಿದರೆ ಅದು ಹೆಚ್ಚುವುದಿಲ್ಲ. ಮೈಸೂರಿನ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಮಾಡಿದ ಮೊದಲ ಭಾಷಣವೇ ಮಕ್ಕಳ ಶಾಲೆ ಚೀಲದ ಭಾರದ ಬಗ್ಗೆ. 1993ರಲ್ಲಿ ಮಕ್ಕಳ ಕಲಿಕೆಯ ಹೊರೆಯ ಬಗ್ಗೆ ಯಶಪಾಲ್ ಸಮಿತಿಯ ವರದಿಯೂ ಬಂತು. ನೀತಿಗೆ ನಮ್ಮಲ್ಲಿ ಕೊರತೆಯಿಲ್ಲ. ಯಾವ ನೀತಿಯೂ ತರಗತಿಯ ಕರಿಹಲಗೆಯ ತನಕ ತಾನಾಗಿ ಬರುವುದಿಲ್ಲ.

ನಾವು ಮಾಡಿದ್ದು ಇಷ್ಟು. ಬೋರ್ಡಿನ ಬಲಗಡೆ ಮೂಲೆಯಲ್ಲಿ ಒಂದು ಚೌಕ. ಪ್ರತಿ ಶಿಕ್ಷಕರೂ ತಮ್ಮ ಹೋಂವರ್ಕ್ ಮುಂದೆ ನಿಮಿಷ ಬರೆಯಬೇಕು. ಕೊನೆಯ ಅವಧಿಯಲ್ಲಿ ತರಗತಿಯ ನಾಯಕಿ ಕೂಡುತ್ತಾಳೆ. 90 ನಿಮಿಷ ದಾಟಿದರೆ ಆ ದಿನದ ಕೊನೆಯ ಶಿಕ್ಷಕರು ತಮ್ಮದನ್ನು ನಾಳೆಗೆ ಹಾಕಬೇಕು. ಎರಡು ಗಂಟೆಯ ಮಿತಿ ಇದ್ದರೂ 90 ಅಂತ ಇಟ್ಟುಕೊಂಡದ್ದು ನಮ್ಮ ಮಕ್ಕಳ ಸಂಜೆ ನೋಡಿ. ಮನೆಯಲ್ಲಿ ನಾಲ್ಕನೇ ಜ್ವರ ಎದ್ದಿದ್ದರೆ ಆ ವಾರದ್ದು ಮುಂದಿನ ಸೋಮವಾರಕ್ಕೆ. ಮೊದಲು ಒಂದಿಬ್ಬರು ಹಿರಿಯ ಸಹೋದ್ಯೋಗಿಗಳಿಗೆ ಇದು ಹಿಡಿಸಲಿಲ್ಲ, ಮಕ್ಕಳು ದುರುಪಯೋಗ ಮಾಡಿಕೊಳ್ಳುತ್ತಾರೆ ಅಂದರು. ಹುಳು ಯಾವ ಹಂತದಲ್ಲಿದೆ ಅಂತ ಸುಳ್ಳು ಹೇಳುವುದು ಈ ಊರುಗಳಲ್ಲಿ ಸಾಧ್ಯವಿಲ್ಲ, ಪಕ್ಕದ ಬೆಂಚಿನವರಿಗೆ ಗೊತ್ತಿರುತ್ತದೆ.

ಅಪ್ಪ ಅಮ್ಮಂದಿರ ಸಭೆಯಲ್ಲಿ ಒಬ್ಬ ತಾಯಿ ಕೇಳಿದರು, "ಮೇಡಂ, ನಂಗೆ ಓದಕ್ಕೆ ಬರಲ್ಲ, ಮನೇಲಿ ಮಾತಾಡೋದು ತೆಲುಗು. ಅವಳು ಬರೆದಿರೋದು ಸರೀನಾ ತಪ್ಪಾ ಅಂತ ನಾನು ಹೆಂಗೆ ನೋಡ್ಲಿ?" ನಮ್ಮ ಭಾಗದ ಎಷ್ಟೋ ಮನೆಗಳ ಪ್ರಶ್ನೆ ಇದು. ಸರಿ ತಪ್ಪು ನೀವು ನೋಡಬೇಡಿ, ಇವತ್ತು ಏನು ಮಾಡಿದೆ ಅಂತ ತೆಲುಗಿನಲ್ಲೇ ಹೇಳಿಸಿ ಕೇಳಿ, ಅರ್ಥವಾಗದ ಕಡೆ ಬಿಡದೆ ಪ್ರಶ್ನೆ ಹಾಕಿ ಅಂದೆ.

ಸಂಖ್ಯಾಶಾಸ್ತ್ರ ಪಾಠ ಬಂದಾಗ ಇದಕ್ಕೊಂದು ದಾರಿ ಸಿಕ್ಕಿತು. ಪುಸ್ತಕದ ಲೆಕ್ಕದ ಜೊತೆಗೆ, ಮನೆಯ ಹಿಂದಿನ ಮೂರು ಬೆಳೆಯ ಗೂಡಿನ ದರ ಕೇಳಿ ಸರಾಸರಿ ಕಂಡುಹಿಡಿಯಿರಿ ಅಂದೆ. ಆ ತಾಯಿಯ ಮಗಳು ಮೂರು ದರ ಬರೆದುಕೊಂಡಳು. ಕೆಜಿಗೆ 500, 400, 600. ಕೂಡಿ ಮೂರರಿಂದ ಭಾಗಿಸಿ 500 ಅಂತ ಬರೆದು ಅಮ್ಮನಿಗೆ ಹೇಳಿದಳು. ಅಮ್ಮ ಒಪ್ಪಲಿಲ್ಲ. ಅಷ್ಟು ಬಿದ್ದಿಲ್ಲ ಅಂದರು. ಅವರ ಲೆಕ್ಕ ಬಾಯಿಲೆಕ್ಕ: ಮೊದಲ ಬೆಳೆ 60 ಕೆಜಿ, ಎರಡನೆಯದು 80, ಮೂರನೆಯದು 40. ಕೈಗೆ ಬಂದದ್ದು 30,000, 32,000, 24,000. ಒಟ್ಟು 180 ಕೆಜಿಗೆ 86,000 ರೂಪಾಯಿ. ಕೆಜಿಗೆ 478ರ ಹತ್ತಿರ. ಜಾಸ್ತಿ ಗೂಡು ಬಂದ ಸಲವೇ ದರ ಬಿದ್ದಿತ್ತಲ್ಲ!

ಹುಡುಗಿ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ನನ್ನ ಹತ್ತಿರ ಬಂದಳು. "ಮಿಸ್, ಸೂತ್ರ ಹಾಕಿದ್ರೆ 500, ಅಮ್ಮ 478 ಅಂತಾರೆ. ಇಬ್ಬರದ್ದೂ ಸರಿ ಅನ್ನಿಸ್ತಿದೆ." ಅವತ್ತಿನ ಅವಧಿ ಪೂರ್ತಿ ಇದಕ್ಕೇ ಹೋಯಿತು. ಬರೀ ದರದ ಸರಾಸರಿ ಯಾವಾಗ, ತೂಕ ಸೇರಿಸಿದ ಸರಾಸರಿ ಯಾವಾಗ, ಆವೃತ್ತಿಯಿಂದ ಗುಣಿಸುವುದು ಯಾಕೆ, ಎಲ್ಲವೂ ಆ ಮೂರು ಬೆಳೆಯ ಮೇಲೇ ನಿಂತು ಮಾತಾಡಿದೆವು. ಬೋರ್ಡಿನ ಮೂಲೆಯ ಚೌಕದಲ್ಲಿ ಗಣಿತದ ಮುಂದೆ ಬರೆದೆ: ನಿಮ್ಮ ಮನೆಯ ಮೂರು ಬೆಳೆಯ ತೂಕವನ್ನೂ ದರವನ್ನೂ ತನ್ನಿ, ಎರಡೂ ಬಗೆಯ ಸರಾಸರಿ ತೆಗೆದು ಮನೆಯವರಿಗೆ ತೋರಿಸಿ, ಯಾವುದನ್ನು ಒಪ್ಪಿದರು, ಯಾಕೆ ಅಂತ ಎರಡು ಸಾಲು ಬರೆಯಿರಿ. 15 ನಿಮಿಷ.